ಊಟದ ಹೊತ್ತಿನ ಎಚ್ಚರಿಕೆಗಳು

ಮೂರನೆಯ ಪುಟದ ಎಂಟನೆಯ ಸಾಲಿನಲ್ಲಿ 1ರ ಮೇಲೆ 4 ಬರೆದಿತ್ತು. ಕಪ್ಪು ಬಾಲ್‌ಪೆನ್ನು. ಎರಡನೆಯ ಸಲ ಒತ್ತಿ ಬರೆದಿದ್ದರಿಂದ ಕಾಗದದ ಹಿಂಬದಿಯಲ್ಲಿ ಬೆರಳಿಗೆ ಅದರ ಉಬ್ಬು ಸಿಗುತ್ತಿತ್ತು. 81 ಡಿಗ್ರಿ ಇದ್ದದ್ದು 84 ಆಗಿತ್ತು. ಎರಡೂ ಮಿತಿಯೊಳಗಿನ ಅಂಕಿಗಳೇ. ಬರೆದವರಿಗೆ ಏನನ್ನೂ ಮುಚ್ಚಿಡುವ ಉದ್ದೇಶವಿರಲಿಲ್ಲ. ಮೊದಲು ತಪ್ಪಾಗಿ ಓದಿ ಆಮೇಲೆ ಸರಿಯಾಗಿ ಓದಿದ್ದರು, ಅಷ್ಟೆ.

ಆದರೆ ನಮ್ಮ ಕೆಲಸದಲ್ಲಿ ಅಂಕಿಯ ಮೇಲೆ ಅಂಕಿ ಬರೆಯುವಂತಿಲ್ಲ. ತಪ್ಪಾದದ್ದರ ಮೇಲೆ ಒಂದೇ ಗೆರೆ ಎಳೆಯಬೇಕು, ಹಳೆಯದನ್ನು ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಕಾರಣ ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ಅಮೆರಿಕದ ಮೇರಿಲ್ಯಾಂಡಿನಲ್ಲಿರುವ ರಾಕ್‌ವಿಲ್‌ನ ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಚುಚ್ಚುಮದ್ದಿನ ಔಷಧ. ಒಂದು ಔಷಧ ಮುಗಿದು ಇನ್ನೊಂದು ಶುರುವಾಗುವ ಮುನ್ನ ತೊಳೆದ ಸ್ಟೀಲ್ ಟ್ಯಾಂಕುಗಳು ನಿಜವಾಗಿಯೂ ಶುಚಿಯಾಗಿವೆ ಎಂದು ಸಾಬೀತು ಮಾಡುವುದು ನಮ್ಮ ಗುಂಪಿನ ಕೆಲಸ. ತೊಳೆಯುವ ಬಿಸಿನೀರು ಎಷ್ಟು ಡಿಗ್ರಿ ಇದೆ ಎಂದು ಹದಿನೈದು ನಿಮಿಷಕ್ಕೊಮ್ಮೆ ನೋಡಿ ಕೈಯಲ್ಲಿ ಬರೆಯುತ್ತೇವೆ. ಗೋಡೆಯ ಮೇಲಿನ ಯಂತ್ರವೂ ತನ್ನಷ್ಟಕ್ಕೆ ಅದನ್ನು ದಾಖಲಿಸುತ್ತಿರುತ್ತದೆ. ಆದರೂ ಕೈಯಲ್ಲಿ ಬರೆಯುವುದೇಕೆಂದರೆ, ನೋಡುವ ಮನುಷ್ಯನೊಬ್ಬ ಅಲ್ಲಿ ನಿಂತಿರಲಿ ಎಂದು. ಬರೆಯದೆ ಬಿಟ್ಟದ್ದು ನಡೆದೇ ಇಲ್ಲವೆಂದು ಲೆಕ್ಕ. ಕೆಲಸಕ್ಕೆ ಸೇರಿದ ಮೊದಲ ವಾರವೇ ಇದನ್ನು ಕಲಿಸುತ್ತಾರೆ.

ನಾನು ಆ ಗುಂಪಿನ ಲೀಡ್ ಆಗಿ ಆಗ ಹನ್ನೊಂದು ದಿನ. ಪುಟದ ಕೊನೆಯ ಸಹಿ ನನ್ನದು. ನಿಯಮದ ಪ್ರಕಾರ ಪುಟವನ್ನು ಒಂದು ಲಿಖಿತ ಟಿಪ್ಪಣಿಯೊಂದಿಗೆ ವಾಪಸ್ ಕಳಿಸಬೇಕಿತ್ತು. ಆ ಟಿಪ್ಪಣಿ, ಬರೆದವರ ಫೈಲಿಗೆ ಹೋಗುತ್ತದೆ. ನಾನು ಪುಟ ಹಿಡಿದು ಎದ್ದು, ಊಟದ ಕೋಣೆಗೆ ಹೋದೆ. ಪುಟ ಬರೆದವರು ಅಲ್ಲಿ ಬುತ್ತಿ ಬಿಚ್ಚುತ್ತಿದ್ದರು.

"ಅಣ್ಣಾ, ಈ ಮೂರನೇ ಪುಟ ಒಂದ್ಸಲ ನೋಡ್ರಲ್ಲಾ. ಎಂಟನೇ ಸಾಲು."

ಅವರು ಕನ್ನಡಕ ಹಣೆಗೇರಿಸಿ ಪುಟವನ್ನು ಕಣ್ಣ ಹತ್ತಿರ ಹಿಡಿದರು. "ಅಯ್ಯ, ಕೈ ತಪ್ಪೈತಿ. ಉಂಡ ಮ್ಯಾಲೆ ಸರಿ ಮಾಡ್ತೇನಿ, ಇಡು." ಆಮೇಲೆ ನಕ್ಕರು. "ನೀ ಲೀಡ್ ಆದಿ. ಇನ್ನ ನಾ ಎದ್ದ ನಿಂತು ಪುಟಾ ಕೊಡಬೇಕೇನು?"

"ಕುಂತ ಕೊಡ್ರಿ. ಸರಿಯಾಗಿ ಬರದ ಕೊಡ್ರಿ, ಸಾಕು."

ನಾನೂ ನಕ್ಕೆ. ಅವರ ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದುಕೊಂಡೆ. ಇದು ಮೊದಲನೆಯ ಸಲ.

ಅವರು ವಿಜಯಪುರದ ಕಡೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಈ ದೇಶಕ್ಕೆ ಬರುವ ಮುಂಚೆ ಪುಣೆ, ಹೈದರಾಬಾದಿನ ಕಾರ್ಖಾನೆಗಳಲ್ಲಿ ಕೆಲಸ ಮಾಡಿದ್ದರು. ಪಂಪಿನ ಸದ್ದು ಕೇಳಿಯೇ ಅದರ ಬೇರಿಂಗ್ ಎಷ್ಟು ದಿನ ಬಾಳುತ್ತದೆಂದು ಹೇಳಬಲ್ಲವರು. ದುರಸ್ತಿ ವಿಭಾಗದ ಅಮೆರಿಕನ್ನರು ತಮ್ಮ ಮೀಟರುಗಳನ್ನು ಬಿಟ್ಟು ಇವರನ್ನು ಕರೆಯಲು ಬರುತ್ತಿದ್ದರು. ಯಂತ್ರ ಅವರಿಗೆ ತಿಳಿಯುತ್ತಿತ್ತು. ಕಾಗದ ಮಾತ್ರ ಕೆಲಸ ಮುಗಿದ ಮೇಲೆ ಮಾಡುವ ಶಾಸ್ತ್ರ ಎಂದು ಅವರ ಭಾವನೆ.

ನಾನು ಅಟ್ಲಾಂಟಾದಲ್ಲಿ ಎಂ.ಎಸ್. ಮುಗಿಸಿ ರಾಕ್‌ವಿಲ್‌ಗೆ ಬಂದಾಗ ಅವರು ಬಂದು ಐದು ತಿಂಗಳಾಗಿತ್ತು. ಎರಡನೆಯ ದಿನ ಕಾರಿಡಾರಿನಲ್ಲಿ ನಿಂತು ಫೋನಿನಲ್ಲಿ ನನ್ನ ತಾಯಿಗೆ "ಹೂಂ ಅವ್ವಾ, ಉಂಡೇನಿ" ಎನ್ನುತ್ತಿದ್ದೆ. ಹಿಂದಿನಿಂದ ಒಂದು ದನಿ ಕೇಳಿತು. "ಯಾವೂರವ್ವಾ?"

"ಧಾರವಾಡ್ರಿ."

"ಹಂಗಾರ ನಮ್ಮಾಕೀನ ಬಿಡು. ಸುಳ್ಳ ಹೇಳಿದಿ ನೋಡು ಅವ್ವಗ. ಇನ್ನೂ ಉಂಡಿಲ್ಲ ನೀ."

ನನ್ನ ಬಳಿ ಆಗ ಕಾರಿರಲಿಲ್ಲ. ಶನಿವಾರಗಳಂದು ಅವರೂ ಅವರ ಹೆಂಡತಿಯೂ ಬಂದು ನನ್ನನ್ನು ಅಂಗಡಿಗೆ ಕರೆದೊಯ್ಯುತ್ತಿದ್ದರು. ಅವರನ್ನು ಕಾಕಾ ಎಂದು ಕರೆದಾಗ ಮುದುಕನಾದಂತೆ ಅನಿಸುತ್ತದೆ ಎಂದು ತಡೆದರು. ಹಾಗಾಗಿ ಅವರು ಅಣ್ಣ, ಅವರ ಹೆಂಡತಿ ವೈನಿ. ಮರುವರ್ಷ ನನಗೊಂದು ಸಣ್ಣ ಶಸ್ತ್ರಚಿಕಿತ್ಸೆ ಆಯಿತು. ಅರಿವಳಿಕೆ ಕೊಡುವ ಮುನ್ನ, ಮನೆಗೆ ಕರೆದೊಯ್ಯುವವರ ಹೆಸರು ಮತ್ತು ಸಂಬಂಧ ಬರೆಯಿರಿ ಎಂದು ಆಸ್ಪತ್ರೆಯವರು ಒಂದು ಫಾರಂ ಕೊಟ್ಟರು. ಅಣ್ಣ ನನ್ನ ಕೈಯಿಂದ ಅದನ್ನು ತೆಗೆದುಕೊಂಡು 'ಸೋದರ' ಎಂದು ಬರೆದು ಸಹಿ ಹಾಕಿದರು. ನಾಲ್ಕು ದಿನ ಅವರ ಮನೆಯಲ್ಲಿದ್ದೆ. ವೈನಿ ಗಂಜಿ ಮಾಡಿ ಕೊಟ್ಟರು. ಮಗಳು ತನ್ನ ಮಂಚ ಬಿಟ್ಟುಕೊಟ್ಟು ಹಾಲಿನಲ್ಲಿ ಮಲಗಿದಳು.

ಆ ಮಗಳು ಹನ್ನೊಂದನೆಯ ವಯಸ್ಸಿಗೆ ಬಂದವಳು. ನಾನು ಲೀಡ್ ಆದ ವರ್ಷ ಹನ್ನೊಂದನೆಯ ತರಗತಿಯಲ್ಲಿದ್ದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಅವರ ವರ್ಕ್ ವೀಸಾದ ಐದನೆಯ ವರ್ಷ ನಡೆಯುತ್ತಿತ್ತು. ಆರು ವರ್ಷ ಮುಗಿಯುವುದರೊಳಗೆ ಕಂಪನಿ ಗ್ರೀನ್ ಕಾರ್ಡಿನ ಅರ್ಜಿಯನ್ನು ಒಂದು ಹಂತ ದಾಟಿಸಿದರೆ ಉಳಿಯಬಹುದು, ಇಲ್ಲದಿದ್ದರೆ ಹೊರಡಬೇಕು. ಕಾಗದಗಳು ವಕೀಲರ ಬಳಿ ತಯಾರಾಗುತ್ತಿದ್ದವು. ನಡುವೆ ಕೆಲಸ ಹೋದರೆ ಅರವತ್ತು ದಿನ. ಅಷ್ಟರೊಳಗೆ ಬೇರೆ ಕಂಪನಿ ಸಿಗದಿದ್ದರೆ ಮೂವರೂ ದೇಶ ಬಿಡಬೇಕು. ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ. ನನ್ನದೂ ಅದೇ ವೀಸಾ.

ನನಗಿಂತ ಮುಂಚೆ ಲೀಡ್ ಆಗಿದ್ದವನು ಅಮೆರಿಕನ್. ಹೆಂಡತಿಯ ತವರಿಗೆ ಹತ್ತಿರವಾಗಲೆಂದು ದಕ್ಷಿಣ ಕೆರೊಲಿನಾದ ಫೋರ್ಟ್ ಮಿಲ್‌ನಲ್ಲಿ ಮನೆ ಕೊಂಡು ಹೊರಟಿದ್ದ. ಕೆಲಸ ಒಪ್ಪಿಸುವಾಗ ಒಬ್ಬೊಬ್ಬರ ಬಗ್ಗೆ ಒಂದೊಂದು ಮಾತು ಹೇಳಿದ. ಅವರ ಹೆಸರು ಬಂದಾಗ, "ಒಳ್ಳೆಯ ಮನುಷ್ಯ. ಕಾಗದದಲ್ಲಿ ಸಡಿಲ. ನಾನು ಬರೆದಿಡಬೇಕಿತ್ತು, ಬರೆದಿಡಲಿಲ್ಲ. ನೀನು ಬರೆದಿಡು," ಎಂದ. ತಲೆಯಾಡಿಸಿದೆ.

ಆ ಬೇಸಿಗೆಯಲ್ಲಿ ಕಂಪನಿ ನನ್ನನ್ನು ಅಟ್ಲಾಂಟಾಕ್ಕೆ ಎರಡು ದಿನದ ತರಬೇತಿಗೆ ಕಳಿಸಿತು. ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ, ಹೊಸದಾಗಿ ಲೀಡ್ ಆದ ಇಪ್ಪತ್ತು ಎಂಜಿನಿಯರುಗಳು. ಯಂತ್ರದ ತಪ್ಪು ಹುಡುಕಲು ನಮಗೆ ಗೊತ್ತು, ಮನುಷ್ಯನ ತಪ್ಪನ್ನು ಅವನ ಮುಖ ನೋಡಿ ಹೇಳಲು ಬರುವುದಿಲ್ಲ ಎಂಬುದು ಕಂಪನಿಗೆ ತಿಳಿದಿತ್ತು. ನಾಲ್ಕು ವಾಕ್ಯ ಕಲಿಸಿದರು. ಏನು ತಪ್ಪಾಗಿದೆ. ಅದರಿಂದ ಏನಾಗುತ್ತದೆ. ಯಾವ ದಿನದೊಳಗೆ ಸರಿಯಾಗಬೇಕು. ಸರಿಯಾಗದಿದ್ದರೆ ಏನು. ಹೇಳಿದ ದಿನವೇ ಅದನ್ನು ಬರೆದು ಕಳಿಸಬೇಕು.

ನನ್ನ ಎದುರು ಕೂತವನು ದಕ್ಷಿಣ ಕೆರೊಲಿನಾದ ಬೇರೊಂದು ಕಾರ್ಖಾನೆಯವನು. ಅಭ್ಯಾಸಕ್ಕೆಂದು ಆಡಿದ ನಾಟಕದಲ್ಲಿ ದಿನಾ ತಡವಾಗಿ ಬರುವ ನೌಕರನ ಪಾತ್ರ ಅವನದು. ಚೆನ್ನಾಗಿ ನಟಿಸಿದ; ಮಗುವಿಗೆ ಜ್ವರ ಎಂದ, ಕಾರು ಕೆಟ್ಟಿತು ಎಂದ, ಕೊನೆಗೆ ನನ್ನ ಮೇಲೆ ಸಿಟ್ಟಾದ. ನಾನು ನಾಲ್ಕೂ ವಾಕ್ಯಗಳನ್ನು ದನಿ ಏರಿಸದೆ ಹೇಳಿ ಮುಗಿಸಿದೆ. ತರಬೇತುದಾರರು ಎಲ್ಲರ ಮುಂದೆ ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು. ಚಪ್ಪಾಳೆ ತಟ್ಟಿದರು. "ನಿನ್ನ ಕೈಕೆಳಗೆ ಕೆಲಸ ಮಾಡಲು ಭಯವಾಗುತ್ತದೆ," ಎಂದು ನೌಕರನಾಗಿದ್ದವನು ನಗುತ್ತ ಕೈಕುಲುಕಿದ.

ವಾಪಸ್ ಬರುವ ವಿಮಾನದಲ್ಲಿ ಅದೇ ನಾಲ್ಕು ವಾಕ್ಯಗಳನ್ನು ಅಣ್ಣನಿಗೆ ಹೇಳುವಂತೆ ಮನಸ್ಸಿನಲ್ಲಿ ಜೋಡಿಸಿ ನೋಡಿದೆ. ಮೊದಲನೆಯದು ಬಂತು. ಎರಡನೆಯದೂ ಹೇಗೋ ಬಂತು. "ಅಣ್ಣಾ, ಮುಂದಿನ ತಿಂಗಳ ಒಂದನೇ ತಾರೀಖಿನೊಳಗ ಇದು ಸರಿ ಆಗಲಿಲ್ಲಂದ್ರ" ಎಂಬಲ್ಲಿಗೆ ಬಂದು ನಿಂತುಬಿಟ್ಟೆ. ಅಂಥ ವಾಕ್ಯವನ್ನು ನಮ್ಮ ಮನೆಯಲ್ಲಿ ಚಿಕ್ಕವರು ದೊಡ್ಡವರಿಗೆ ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನನ್ನ ತಂದೆಯ ತಪ್ಪನ್ನು ಅವ್ವ ನೇರವಾಗಿ ಹೇಳುತ್ತಿರಲಿಲ್ಲ. ಅವರಿಗೆ ಕೇಳಿಸುವ ಹಾಗೆ ನನಗೆ ಹೇಳುತ್ತಿದ್ದಳು. ಅವರು ಪೇಪರಿನಿಂದ ತಲೆ ಎತ್ತದೆ ತಿದ್ದಿಕೊಳ್ಳುತ್ತಿದ್ದರು. ದೊಡ್ಡವರಿಗೆ ಅಷ್ಟು ಸೂಚನೆ ಸಾಕು ಎಂದು ನಾನು ತಿಳಿದದ್ದು ಅಲ್ಲಿ.

ಹಾಗಾಗಿ ನಾನು ಸೂಚನೆ ಕೊಡುತ್ತಾ ಹೋದೆ. ಒಮ್ಮೆ ಸಹಿಯ ಕೆಳಗೆ ತಾರೀಖು ಇರಲಿಲ್ಲ. ಆ ದಿನ ವೈನಿ ಶೇಂಗಾ ಹೋಳಿಗೆ ಕೊಟ್ಟು ಕಳಿಸಿದ್ದರು. ಇನ್ನೊಮ್ಮೆ ಎರಡು ಸಾಲು ಖಾಲಿ ಬಿಟ್ಟಿದ್ದರು. ಅದನ್ನು ಹೇಳಲು ಹೋದಾಗ ಅವರು ಮೈಕ್ರೋವೇವಿನ ಮುಂದೆ ನಿಂತಿದ್ದರು. "ಬಾಗಿಲಾ ಹಾಕವ್ವಾ ತಂಗಿ. ಬಳ್ಳೊಳ್ಳಿ ವಾಸನಿ ಹೊರಗ ಹೋದ್ರ ಈ ಮಂದಿ ಫೈರ್ ಅಲಾರ್ಮ್ ಹೊಡೀತಾರ," ಎಂದರು. ನಾನು ಬಾಗಿಲು ಹಾಕಿ, ನಕ್ಕು ಮುಗಿಸಿ, "ಅಣ್ಣಾ, ಸ್ವಲ್ಪ ಆ ಖಾಲಿ ಸಾಲು ನೋಡ್ರಿ. ಹಂಗ ಬಿಡಬ್ಯಾಡ್ರಿ," ಎಂದೆ. "ನೋಡ್ತೇನ್ ಬಿಡು," ಎಂದರು. ಮತ್ತೊಂದು ಸಲ, ಮುಗಿಯದ ಹಂತಕ್ಕೆ ಮುಂಚಿತವಾಗಿಯೇ ಸಹಿ ಹಾಕಿಬಿಟ್ಟಿದ್ದರು. ಅದು ಸಣ್ಣದಲ್ಲ. ಆ ಮಧ್ಯಾಹ್ನ ನಾನು ನಗಲಿಲ್ಲ. "ಅಣ್ಣಾ, ಇದು ಛಲೋ ಅಲ್ರಿ," ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಯಾಕ, ಆರಾಮಿಲ್ಲೇನು? ಮುಖಾ ಸಣ್ಣದಾಗೇತಿ," ಎಂದರು.

ಗುಂಪಿನಲ್ಲಿ ನಮ್ಮಿಬ್ಬರನ್ನು ಬಿಟ್ಟು ಇನ್ನೊಬ್ಬಳೇ ಎಂಜಿನಿಯರ್, ಬಾಲ್ಟಿಮೋರ್ ಕಡೆಯ ಹುಡುಗಿ. ಅವಳ ಎರಡು ತಪ್ಪಿಗೆ ನಾನು ಎರಡು ಟಿಪ್ಪಣಿ ಬರೆದು ಕಳಿಸಿದ್ದೆ, ಅಟ್ಲಾಂಟಾದಲ್ಲಿ ಕಲಿಸಿದಂತೆ. ಅವಳು ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದಳು. ಆಮೇಲೆ ಅವಳ ಪುಟಗಳಲ್ಲಿ ನನಗೆ ಹುಡುಕಿದರೂ ಏನೂ ಸಿಗುತ್ತಿರಲಿಲ್ಲ. ಒಂದು ದಿನ ನಾವಿಬ್ಬರೂ ಊಟದ ಕೋಣೆಯಿಂದ ಹೊರಬರುವಾಗ ಅವಳು ಎದುರಾದಳು. "ಒಂದು ವಿಷಯ ಕೇಳಲಾ? ನಾನು ತಪ್ಪು ಮಾಡಿದರೆ ಈಮೇಲ್ ಬರುತ್ತದೆ. ಅವರು ತಪ್ಪು ಮಾಡಿದರೆ ಊಟ ಸಿಗುತ್ತದೆ. ನನಗೂ ನಿಮ್ಮ ಭಾಷೆ ಕಲಿಸಿಬಿಡು," ಎಂದಳು. ತಮಾಷೆಯ ದನಿ. ಕಣ್ಣು ತಮಾಷೆಯದಲ್ಲ.

ಆ ಸಂಜೆ ಅಣ್ಣನ ಹೆಸರಿನಲ್ಲಿ ಒಂದು ಟಿಪ್ಪಣಿ ಬರೆದೆ. ಮೂರು ಸಲ ತಿದ್ದಿದೆ. ಕಳಿಸಲಿಲ್ಲ. ಅರ್ಜಿ ವಕೀಲರ ಬಳಿ ಇರುವಾಗ ಫೈಲಿನಲ್ಲಿ ಇಂಥದ್ದೊಂದು ಬಿದ್ದರೆ ಎಂದು ಹೆದರಿದೆ. ಅರ್ಜಿ ಹೋಗಲಿ, ಆಮೇಲೆ ಬಿಗಿ ಮಾಡುತ್ತೇನೆ ಎಂದುಕೊಂಡೆ. ಅದು ದಯೆ ಎಂದು ಆಗ ನಂಬಿದ್ದೆ. ಈಗ ಅದಕ್ಕೆ ಬೇರೆ ಹೆಸರು ಹುಡುಕುತ್ತೇನೆ, ಸಿಗುವುದಿಲ್ಲ.

ಚಳಿಗಾಲದಲ್ಲಿ, ಕಂಪನಿಯೊಳಗಿನ ತಪಾಸಣೆಯವರು ಒಂದು ಟ್ಯಾಂಕಿನ ಪುಟಗಳನ್ನು ತೆಗೆದರು. ಮಧ್ಯಾಹ್ನ ಒಂದರಿಂದ ಮೂರೂವರೆಯವರೆಗೆ, ಹದಿನೈದು ನಿಮಿಷಕ್ಕೊಂದು ಸಾಲು, ಎಲ್ಲದರಲ್ಲೂ 82 ಅಥವಾ 83. ಅಣ್ಣನ ಸಹಿ. ಬಾಗಿಲಿನ ಬ್ಯಾಡ್ಜ್ ದಾಖಲೆಯ ಪ್ರಕಾರ ಆ ಎರಡೂವರೆ ಗಂಟೆ ಅವರು ಆ ಕೋಣೆಯಲ್ಲೇ ಇರಲಿಲ್ಲ. ಗೋಡೆಯ ಯಂತ್ರದ ದಾಖಲೆಯಲ್ಲಿ, ನಡುವೆ ಇಪ್ಪತ್ತು ನಿಮಿಷ ನೀರು ಮಿತಿಗಿಂತ ಕೆಳಗೆ, 71ಕ್ಕೆ ಇಳಿದಿತ್ತು. ಅದೇ ಟ್ಯಾಂಕಿನಲ್ಲಿ ಮುಂದೆ ತಯಾರಾದ ಔಷಧವನ್ನು ತಡೆಹಿಡಿದರು.

ಅಣ್ಣ ಹೋದದ್ದು ಎಲ್ಲಿಗೆಂದರೆ, ಕೆಳಗಿನ ಮಹಡಿಯ ಪಂಪೊಂದು ಸದ್ದು ಮಾಡುತ್ತಿದೆಯೆಂದು ದುರಸ್ತಿಯವರು ಕರೆದಿದ್ದರು. ಪಂಪನ್ನು ಸರಿಮಾಡಿಯೇ ಬಂದಿದ್ದರು. ಬಂದು, ಖಾಲಿ ಇದ್ದ ಸಾಲುಗಳನ್ನು ಒಮ್ಮೆಲೇ ತುಂಬಿದ್ದರು. ಖಾಲಿ ಸಾಲು ಬಿಡಬೇಡಿ ಎಂದು ನಾನೇ ಹೇಳಿದ್ದೆನಲ್ಲ.

ಅವರ ಬ್ಯಾಡ್ಜ್ ತೆಗೆದುಕೊಂಡು, ನಿರ್ಧಾರವಾಗುವವರೆಗೆ ಮನೆಯಲ್ಲಿರಿ ಎಂದು ಕಳಿಸಿದರು. ನನ್ನ ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆದರು. ಉತ್ತರ ಕೆರೊಲಿನಾದ ಹೆಂಗಸು, ಐವತ್ತರ ಮೇಲೆ ವಯಸ್ಸು, ನಿಧಾನವಾಗಿ ಮಾತಾಡುವವರು. ಮೇಜಿನ ಮೇಲೆ ಅಣ್ಣನ ಫೈಲು ತೆರೆದಿತ್ತು. ಎಂಟು ತಿಂಗಳ ನನ್ನ ಅವಧಿಯಲ್ಲಿ ಅದಕ್ಕೆ ಒಂದು ಹಾಳೆಯೂ ಸೇರಿರಲಿಲ್ಲ.

"ಫೈಲು ಸ್ವಚ್ಛವಾಗಿದೆ," ಎಂದರು. "ಇದು ಮೊದಲ ತಪ್ಪಾದರೆ ನನಗೊಂದು ದಾರಿಯಿದೆ. ಲಿಖಿತ ಎಚ್ಚರಿಕೆ, ಮರುತರಬೇತಿ, ಮೂರು ತಿಂಗಳು ಯಾರಾದರೂ ಜೊತೆಗೆ ನಿಂತು ನೋಡುವುದು. ಕೆಲಸ ಉಳಿಯುತ್ತದೆ. ಇದು ಮೊದಲಲ್ಲ, ಹೇಳಿದ ಮೇಲೂ ಮಾಡಿದ್ದಾರೆ ಎಂದಾದರೆ ನನ್ನ ಬಳಿ ದಾರಿಯಿಲ್ಲ. ಮೊದಲನೆಯದೇ ತಾನೆ?"

ನಾನು ಫೈಲಿನ ಕೊನೆಯ ಹಾಳೆಯನ್ನು ತಿರುವಿ ನೋಡಿದೆ. ಅವರು ನನ್ನನ್ನು ನೋಡುತ್ತಾ ಇದ್ದರು. ಅದರಿಂದಲೇ ಅವರಿಗೆ ಅರ್ಧ ತಿಳಿದಿರಬೇಕು.

"ನಾಳೆ ಬೆಳಿಗ್ಗೆ ನಿನ್ನ ಹೇಳಿಕೆ ಬರೆದು ತಾ. ನಿನ್ನ ಸಹಿ ಇರಬೇಕು," ಎಂದರು. ಬಾಗಿಲ ಹತ್ತಿರ ಹೋದಾಗ, "ನೀನು ಏನು ಬರೆಯುತ್ತೀಯೋ ಅದನ್ನೇ ನಾನು ನಂಬುತ್ತೇನೆ," ಎಂದು ಸೇರಿಸಿದರು. ಅದು ನನಗೆ ಸಹಾಯ ಮಾಡಲು ಹೇಳಿದ ಮಾತು.

ಕೆಲಸ ಬಿಟ್ಟ ಮೇಲೆ ನೇರವಾಗಿ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಆರು ಗಂಟೆ ಆಗಿರಲಿಲ್ಲ. ವೈನಿ ಬಾಗಿಲು ತೆರೆದರು.

"ಬಾ ತಂಗಿ. ಇವರು ಮಧ್ಯಾಹ್ನನ ಬಂದ ಕುಂತಾರ. ಏನಾತು ಅಂದ್ರ ಮಾತ ಇಲ್ಲ, ಕತಿ ಇಲ್ಲ."

"ನೀ ಚಹಾ ಮಾಡು," ಎಂದು ಅಣ್ಣ ಅವರನ್ನು ಕಳಿಸಿದರು. ಕಳಿಸಿದ್ದು ಎಲ್ಲಿಗೆ? ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯೇ ಇರಲಿಲ್ಲ. ಮಗಳು ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು, ಕಿವಿಗೆ ಇಯರ್‌ಫೋನ್ ಹಾಕಿ ಓದುತ್ತಿದ್ದಳು.

"ನಿನ್ನ ಹೇಳಿಕಿ ಮ್ಯಾಲೆ ಐತಿ ಅಂತ ಹೇಳಿ ಕಳಿಸ್ಯಾರ. ನಾಳೆ ಏನ ಬರಕೊಡಾಕಿ?" ಎಂದು ಅಣ್ಣ ಕೇಳಿದರು.

"ಅದನ್ನ ಮಾತಾಡಾಕ ಬಂದೇನ್ರಿ ಅಣ್ಣಾ."

"ಮಾತಾಡೂದೇನೈತಿ ಅದರಾಗ? ಮೊದಲ್ನೇ ಸಲಾ ಅಂತ ಬರಿ. ಸುಳ್ಳೇನಲ್ಲ ಅದು. ಹಿಂಗ ಎಂದಾರ ಮಾಡೇನೇನು ನಾ?"

"ಇಷ್ಟ ದೊಡ್ಡದು ಮಾಡಿಲ್ರಿ. ಆದ್ರ ಪುಟಾ ತಪ್ಪಿ ಬಂದಾವು. ನಾಲ್ಕ ಸಲ ಹೇಳೇನ್ರಿ ನಿಮಗ."

"ಯಾವಾಗ ಹೇಳಿದಿ?"

ಅವರು ನಟಿಸುತ್ತಿರಲಿಲ್ಲ. ನನಗೆ ಅವರ ಮುಖ ಗೊತ್ತು. ನಿಜವಾಗಿಯೂ ಅವರಿಗೆ ನೆನಪಿಗೆ ಬರುತ್ತಿರಲಿಲ್ಲ. ನಾನು ಒಂದೊಂದನ್ನೇ ಹೇಳಿದೆ. ಮೈಕ್ರೋವೇವಿನ ದಿನ. ಹೋಳಿಗೆಯ ದಿನ. ನಾನು ನಗದೆ ಇದ್ದ ದಿನ.

"ಅದು ಹೇಳೂದೇನು?" ದನಿ ಏರಿತು. "ರೊಟ್ಟಿ ತಿನಕೋತ, ನಕ್ಕೋತ, 'ಅಣ್ಣಾ ಸ್ವಲ್ಪ ನೋಡ್ರಲ್ಲಾ' ಅಂದಿ. ಅದರಾಗ ನಾ ಏನ ತಿಳ್ಕೋಬೇಕು? ಮನಿ ಹುಡುಗಿ ಕಾಳಜೀಲೆ ಹೇಳ್ತಾಳ ಅನ್ಕೊಂಡೆ. ಬಾಸ್ ಆಗಿ ಹೇಳಾಕತ್ತಿ ಅಂತ ನನಗೆಲ್ಲಿ ಗೊತ್ತು?"

"ನಿಮಗ ತಿಳೀತೈತಿ ಅನ್ಕೊಂಡಿದ್ದೆ ಅಣ್ಣಾ."

"ಆ ಹುಡುಗಿಗೆ ಬರದ ಕಳಿಸಿದಿ. ಆಕಿ ನೆಟ್ಟಗಾದಳು. ನನಗೂ ಒಂದ ಬರದ ಒಗದಿದ್ರ ಏನಾಗತಿತ್ತು? ಹೆದರತಿದ್ದೆ. ಸಿಟ್ಟ ಬರತಿತ್ತು. ಒಂದ ಎಂಟ ದಿನ ನಿನ್ನ ಜೋಡಿ ಮಾತ ಬಿಡತಿದ್ದೆ." ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಆಮ್ಯಾಲ ಸರಿ ಹೋಗತಿದ್ದೆ. ನಾ ಏನ್ ದಡ್ಡ ಅಲ್ಲ."

 

ಮಗಳು ಒಂದು ಕಿವಿಯಿಂದ ಇಯರ್‌ಫೋನ್ ತೆಗೆದಳು. "ಅಪ್ಪಾ, ಈಸ್ ದಿಸ್ ದ ವೀಸಾ ಥಿಂಗ್?"

"ಏನಿಲ್ಲವ್ವಾ. ನೀ ಓದ್ಕೋ."

ಅವಳು ಇಯರ್‌ಫೋನನ್ನು ಮತ್ತೆ ಹಾಕಿಕೊಳ್ಳಲಿಲ್ಲ.

ವೈನಿ ಚಹಾದ ಕಪ್ಪು ಹಿಡಿದು ಬಂದವರು ಅದನ್ನು ಕೆಳಗಿಡದೆ ನಿಂತಿದ್ದರು. "ತಂಗಿ, ಒಂದ ಮಾತ ಹೆಚ್ಚು ಕಡಿಮಿ ಬರದ್ರ ನಿಂದೇನ ಹೋಗ್ತದವ್ವಾ?" ಎಂದರು. ಬೈಗುಳದ ದನಿಯಲ್ಲ. ನಿಜವಾಗಿಯೂ ತಿಳಿಯಲು ಕೇಳಿದ್ದರು.

ನಾನು ಬರುತ್ತೇನೆ ಎಂದು ಎದ್ದೆ. ಉಂಡು ಹೋಗು ಎಂದು ಆ ಮನೆಯಲ್ಲಿ ಯಾರೂ ಹೇಳದೆ ಇದ್ದದ್ದು ಅದೇ ಮೊದಲು.

ಮನೆಗೆ ಬಂದು ಹೇಳಿಕೆಯ ಕರಡು ಬರೆಯಲು ಕುಳಿತೆ. ಆ ನಾಲ್ಕು ಸಲಗಳಿಗೆ ತಾರೀಖು ಹಾಕಬೇಕೆಂದರೆ ನನಗೆ ತಾರೀಖುಗಳು ಗೊತ್ತಿರಲಿಲ್ಲ. ಯಾವ ದಿನ ಏನು ತಿಂದೆವೆಂಬುದು ಮಾತ್ರ ನೆನಪಿತ್ತು. ಕ್ಯಾಲೆಂಡರ್ ನೋಡಿ ಅಂದಾಜಿನ ದಿನಗಳನ್ನು ಬರೆದುಕೊಂಡೆ. ನಂಬುವಂತೆಯೇ ಕಾಣುತ್ತಿದ್ದವು. ಆಮೇಲೆ, ಅಣ್ಣ ಆ ಮಧ್ಯಾಹ್ನ ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಹೊಳೆದು ಹಾಳೆ ಹರಿದು ಹಾಕಿದೆ.

ವೈನಿಯ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಂಡೆ. ನನ್ನದೇನು ಹೋಗುತ್ತದೆ? ಆ ಟ್ಯಾಂಕಿನಲ್ಲಿ ತಯಾರಾದದ್ದು ಯಾರದೋ ರಕ್ತಕ್ಕೆ ಸೇರುತ್ತದೆ. ಅವರು ನಮ್ಮ ಕೈಬರಹವನ್ನಲ್ಲದೆ ಬೇರೇನನ್ನೂ ನಂಬಿರುವುದಿಲ್ಲ. ಇದು ನಿಜ. ಸುಳ್ಳು ಹೇಳಿಕೆಗೆ ಸಹಿ ಹಾಕಿದ್ದು ಎಂದಾದರೂ ಹೊರಬಿದ್ದರೆ ನನ್ನ ಕೆಲಸವೂ, ನನ್ನ ವೀಸಾವೂ ಹೋಗುತ್ತವೆ. ಬಾಲ್ಟಿಮೋರ್ ಹುಡುಗಿಗೆ ಎಲ್ಲ ಗೊತ್ತಿತ್ತು. ಇದೂ ನಿಜ. ಆ ರಾತ್ರಿ ನಾನು ಮೊದಲನೆಯದಕ್ಕಾಗಿ ನಿರ್ಧಾರ ಮಾಡಿದೆನೋ ಎರಡನೆಯದಕ್ಕಾಗಿಯೋ ಎಂದು ಬೇರ್ಪಡಿಸಲು ಹಲವು ಸಲ ಪ್ರಯತ್ನಿಸಿದ್ದೇನೆ. ಆಗಿಲ್ಲ.

ಮುಂದೆ ಏನಾಯಿತೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಣ್ಣನ ಕೆಲಸ ಹೋಯಿತು; ಆ ಅರವತ್ತು ದಿನಗಳಲ್ಲಿ ಅವರು ಕಂಡಕಂಡಲ್ಲಿ ಅರ್ಜಿ ಹಾಕಿದರು. ಹಳೆಯ ಲೀಡ್‌ಗೆ ನಾನೇ ಫೋನ್ ಮಾಡಿ ಕೇಳಿದೆ. ಅವನ ಹೊಸ ಕಂಪನಿ ಒಮ್ಮೆ ಸಂದರ್ಶನ ಮಾಡಿತು, ಹಿಂದಿನ ಕೆಲಸ ಬಿಟ್ಟದ್ದೇಕೆ ಎಂದು ಕೇಳಿತು, ಆಮೇಲೆ ಸುದ್ದಿಯಿಲ್ಲ. ಐವತ್ತೆಂಟನೆಯ ದಿನ ಅವರು ಹೊರಟರು ಎಂದು ಬೇರೆಯವರಿಂದ ತಿಳಿಯಿತು. ಮಗಳು ಹನ್ನೊಂದನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟು ಹೋದಳು. ವಿಜಯಪುರದಲ್ಲಿ ಪಿಯುಸಿಗೆ ಸೇರಿಸಿದರಂತೆ, ಒಂದು ವರ್ಷ ಹಿಂದಕ್ಕೆ. ನಾನು ಎರಡು ಸಲ ಮೆಸೇಜ್ ಕಳಿಸಿದೆ. ಓದಿದ್ದಾರೆಂದು ನೀಲಿ ಗುರುತು ಬಂತು. ಅಷ್ಟೆ.

ಆ ವರ್ಷದ ಕೊನೆಗೆ ನನ್ನ ಮೌಲ್ಯಮಾಪನದಲ್ಲಿ ಮ್ಯಾನೇಜರ್ ಎರಡು ಸಾಲು ಬರೆದರು. ಮೊದಲನೆಯದು, ಮೌಖಿಕ ಎಚ್ಚರಿಕೆಗಳನ್ನು ದಾಖಲಿಸುವಲ್ಲಿ ಲೋಪ. ಎರಡನೆಯದು, ಕಷ್ಟದ ನಿರ್ಧಾರ ತೆಗೆದುಕೊಳ್ಳುವ ನಾಯಕತ್ವದ ಗುಣವನ್ನು ಬೆಳೆಸಿಕೊಂಡಿದ್ದಾರೆ. ಎರಡರ ಕೆಳಗೂ ನಾನು ಸಹಿ ಹಾಕಬೇಕಿತ್ತು. ಹಾಕಿದೆ. ಮುಂದಿನ ವರ್ಷ ನನ್ನ ಕೈಕೆಳಗೆ ಏಳು ಜನರಿದ್ದರು.

ಆ ಸಂಜೆಯ ಮರುದಿನ ಬೆಳಿಗ್ಗೆ ಏಳೂಮುಕ್ಕಾಲಿಗೆ ಮ್ಯಾನೇಜರ್ ಕೋಣೆಗೆ ಹೋಗಿ ಹೇಳಿಕೆ ಕೊಟ್ಟೆ. ಇದು ಮೊದಲನೆಯದಲ್ಲ; ಹಿಂದೆ ನಾಲ್ಕು ಸಲ ದಾಖಲೆಯ ತಪ್ಪುಗಳಾಗಿದ್ದವು; ನಾನು ಅವನ್ನು ಬಾಯಿಮಾತಿನಲ್ಲಿ, ಊಟದ ಹೊತ್ತಿನಲ್ಲಿ ಹೇಳಿದ್ದೆ; ಎಚ್ಚರಿಕೆ ಎಂದು ಅರ್ಥವಾಗುವ ಹಾಗೆ ಹೇಳಿರಲಿಲ್ಲ; ತಾರೀಖುಗಳು ನನಗೆ ಗೊತ್ತಿಲ್ಲ. ಅವರು ಎರಡು ಸಲ ಓದಿದರು. 'ಅರ್ಥವಾಗುವ ಹಾಗೆ ಹೇಳಿರಲಿಲ್ಲ' ಎಂಬಲ್ಲಿ ಬೆರಳಿಟ್ಟು, "ಇದು ನಿನಗೆ ಒಳ್ಳೆಯದಲ್ಲ, ಅವರಿಗೂ ಉಪಯೋಗವಿಲ್ಲ. ಇರಲಿ ಎನ್ನುತ್ತೀಯಾ?" ಎಂದರು. ಇರಲಿ ಎಂದೆ. ಎಚ್.ಆರ್. ವಿಭಾಗದವರು ಬಂದರು. ಒಂಬತ್ತೂವರೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ಫೋನ್ ಮಾಡಿ ತಾವೇ ತಿಳಿಸುತ್ತೇವೆ ಎಂದರು. ನಾನು ತಿಳಿಸುತ್ತೇನೆ ಎಂದೆ. ಹಾಗಾದರೆ ಸ್ಪೀಕರಿನಲ್ಲಿ, ತಮ್ಮ ಎದುರಿಗೆ, ತಮಗೆ ತಿಳಿಯುವ ಭಾಷೆಯಲ್ಲಿ ಎಂದರು. ನಾನು ನಂಬರ್ ಒತ್ತಿದೆ. ಎರಡನೆಯ ರಿಂಗಿಗೆ "ಹೇಳು ತಂಗಿ" ಎಂದು ಅಣ್ಣನ ದನಿ ಬಂತು. ನಾನು ಅವರನ್ನು ಹೆಸರು ಹಿಡಿದು ಕರೆದು, ಕೋಣೆಯಲ್ಲಿ ಇನ್ನೂ ಇಬ್ಬರಿದ್ದಾರೆ ಎಂದು ಇಂಗ್ಲಿಷಿನಲ್ಲಿ ತಿಳಿಸಿ, ಮುಂದಿನ ಮೂರು ವಾಕ್ಯಗಳನ್ನು ಎಚ್.ಆರ್.ನವರು ಕೊಟ್ಟ ಹಾಳೆ ನೋಡಿಕೊಂಡು ಓದಿದೆ.